ಬಿಲ್ ಮಿಷನ್ ನಿಮ್ಮದು, ಡ್ರೈವರ್ ಯಾರದು?

ದೊಡ್ಡಬಳ್ಳಾಪುರದ ದಿನಸಿ, ಬೇಕರಿ, ಮೆಡಿಕಲ್, ಹೋಟೆಲ್, ನೂಲು ಮತ್ತು ಸೀರೆ ಅಂಗಡಿಗಳ ಮಾಲೀಕರಿಗೆ,



"ಬಿಲ್ ಮಿಷನ್ ಕೆಟ್ಟಿದೆ, ಸ್ವಲ್ಪ ಇರಿ" ಎಂದು ಗಿರಾಕಿಗೆ ಹೇಳುವ ಪ್ರಸಂಗ ಊರಿನ ಯಾವ ಅಂಗಡಿಗೂ ಹೊಸದಲ್ಲ. ಎಷ್ಟೋ ಸಲ ಮಿಷನ್ ಕೆಟ್ಟಿರುವುದೇ ಇಲ್ಲ. ಕರೆಂಟ್ ಇರುತ್ತದೆ, ರೋಲ್ ಇರುತ್ತದೆ, ದೀಪ ಉರಿಯುತ್ತಿರುತ್ತದೆ, ಕಂಪ್ಯೂಟರಿನ ಪರದೆಯ ಮೇಲೆ ಬಿಲ್ಲೂ ಸಿದ್ಧವಾಗಿ ನಿಂತಿರುತ್ತದೆ. ಎರಡರ ನಡುವೆ ಇರಬೇಕಾದ ದುಭಾಷಿ ಮಾತ್ರ ನಾಪತ್ತೆ. ಬಿಲ್ಲಿಂಗ್ ಸಾಫ್ಟ್‌ವೇರ್ ಹೇಳಿದ್ದನ್ನು ಮಿಷನ್ನಿಗೆ ತಿಳಿಯುವ ಆಜ್ಞೆಗಳಾಗಿ ತಿರುಗಿಸಿ ಕೊಡುವ ಆ ಪುಟ್ಟ ಪ್ರೋಗ್ರಾಮಿಗೇ ಡ್ರೈವರ್ ಎನ್ನುತ್ತಾರೆ.

ತಕ್ಕಡಿ, ಫ್ರಿಜ್, ಯುಪಿಎಸ್, ಮಿಷನ್ ಎಲ್ಲಕ್ಕೂ ಅಂಗಡಿಯವರ ಬಳಿ ರಸೀದಿ ಉಂಟು, ಗ್ಯಾರಂಟಿ ಕಾರ್ಡ್ ಉಂಟು. ಡ್ರೈವರ್ ಮಾತ್ರ ಸಿಸ್ಟಮ್ ಹುಡುಗನ ಪೆನ್‌ಡ್ರೈವಿನಲ್ಲಿ ಬರುತ್ತದೆ, ಅವನ ಜೇಬಿನಲ್ಲೇ ವಾಪಸ್ ಹೋಗುತ್ತದೆ. ಮುಂದಿನ ಸಲ ಕಂಪ್ಯೂಟರ್ ಫಾರ್ಮ್ಯಾಟ್ ಆದಾಗ ಮತ್ತೆ ಅವನಿಗೇ ಫೋನ್. ಅವನು ಯಲಹಂಕದಲ್ಲೋ ನೆಲಮಂಗಲದಲ್ಲೋ ಇನ್ನೊಂದು ಅಂಗಡಿಯಲ್ಲಿ ಕೂತಿರುತ್ತಾನೆ. ಡ್ರೈವರನ್ನು ಮಿಷನ್ನಿನಷ್ಟೇ ಸ್ವಂತದ್ದಾಗಿ ಇಟ್ಟುಕೊಳ್ಳಿ ಎಂದು ಕೇಳಲು ಈ ಪತ್ರ. ಕೌಂಟರ್ ನಿಲ್ಲದಿರುವುದು ಅದರ ಒಂದು ಲಾಭ. ಬಿಲ್ ಕನ್ನಡದಲ್ಲಿ ಬರುವುದು ಇನ್ನೊಂದು, ಈ ಪತ್ರಕ್ಕೆ ಹೆಚ್ಚು ಮುಖ್ಯವಾದದ್ದು.

ಬಿಲ್ಲಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು 2025ರ ಜುಲೈಗೆ ಮುಂಚೆ ಯಾರಾದರೂ ಕೇಳಿದ್ದರೆ ವಾದಕ್ಕೆ ಜಾಗವಿತ್ತು. ಆ ತಿಂಗಳು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ಕಳಿಸಿದ ನೋಟಿಸುಗಳು ನಿಮಗೆ ನೆನಪಿರುತ್ತವೆ. ಸರಕು ಮಾರುವವರು ವರ್ಷಕ್ಕೆ ₹40 ಲಕ್ಷ, ಸೇವೆ ಕೊಡುವವರು ₹20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ಅವುಗಳ ಆಧಾರ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ ₹1.63 ಕೋಟಿ ವಹಿವಾಟಿನ ಮೇಲೆ ₹29 ಲಕ್ಷ ಕೇಳಿದ ನೋಟಿಸ್ ದೇಶವೆಲ್ಲ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಅಂಗಡಿಗಳ ಮುಂದೆ ಯುಪಿಐ ಬೇಡ, ನಗದು ಕೊಡಿ ಎಂಬ ಚೀಟಿಗಳು ಅಂಟಿಕೊಂಡವು. ಬೇಕರಿ, ಕಾಂಡಿಮೆಂಟ್ಸ್‌ನವರು ಹಾಲಿನ ಚಹಾ ನಿಲ್ಲಿಸಿ ಪ್ರತಿಭಟಿಸಿದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದ ಮೇಲೆ ಅವರು 25ಕ್ಕೆ ಕೊಟ್ಟಿದ್ದ ಬಂದ್ ಕರೆ ವಾಪಸಾಯಿತು.

ಆ ಗಲಾಟೆಯಲ್ಲಿ ಸಾಬೀತಾದದ್ದು ಇಷ್ಟು: ಯುಪಿಐ ಲೆಕ್ಕ ಎಷ್ಟು ದುಡ್ಡು ಬಂತು ಎನ್ನುತ್ತದೆ, ಯಾವುದಕ್ಕೆ ಬಂತು ಎನ್ನುವುದಿಲ್ಲ. ಬ್ರೆಡ್ಡಿಗೆ ತೆರಿಗೆ ಇಲ್ಲ, ಕೇಕಿಗೆ ಇದೆ. ಎರಡನ್ನೂ ಬೇರೆ ಮಾಡಿ ತೋರಿಸಲು ವಸ್ತುವಾರು ಬಿಲ್ ಬೇಕು. ದಾಖಲೆ ಕಂಪ್ಯೂಟರಿನಲ್ಲೇ ಇರುತ್ತದಲ್ಲ, ಕಾಗದ ಬರದಿದ್ದರೇನು ಎನ್ನಬಹುದು. ಆದರೆ ಕೌಂಟರಿನಲ್ಲಿ ನಿಂತವರಿಗೆ ಗೊತ್ತು, ಪ್ರಿಂಟ್ ನಿಂತ ಹೊತ್ತಿನಲ್ಲಿ ಎಂಟ್ರಿಯೂ ನಿಲ್ಲುತ್ತದೆ. ಹಳೇ ಕ್ಯಾಲೆಂಡರಿನ ಹಿಂದೆ ಬರೆದ ಲೆಕ್ಕ ಸಂಜೆ ಸಿಸ್ಟಮ್ಮಿಗೆ ಏರುವುದು ಅಪರೂಪ. ₹200ಕ್ಕಿಂತ ಕಡಿಮೆ ವ್ಯಾಪಾರಕ್ಕೆ, ಗಿರಾಕಿ ನೋಂದಾಯಿತ ವ್ಯಾಪಾರಿಯಲ್ಲದೆ ಬಿಲ್ಲನ್ನೂ ಕೇಳದಿದ್ದರೆ, ಬಿಡಿ ಬಿಲ್ ಕೊಡದೆ ದಿನದ ಕೊನೆಗೆ ಒಟ್ಟು ಬಿಲ್ ಮಾಡಲು ಜಿಎಸ್‌ಟಿ ಕಾಯ್ದೆಯಲ್ಲಿ ಅವಕಾಶವಿದೆ. ಕೇಳಿದವರಿಗೆ ಕೊಡಲೇಬೇಕು. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ.

ಇನ್ನು ಡ್ರೈವರ್ ಕೈಕೊಡುವುದು ಯಾವಾಗ? ಸಾಮಾನ್ಯವಾಗಿ ಕಂಪ್ಯೂಟರ್ ಬದಲಾದಾಗ ಅಥವಾ ವಿಂಡೋಸ್ ಬದಲಾದಾಗ. ಸೀರೆ ಅಂಗಡಿಯ ಮೂಲೆಯಲ್ಲಿ ಹತ್ತು-ಹನ್ನೆರಡು ವರ್ಷದಿಂದ ದೂಳು ಕುಡಿಯುತ್ತಾ ದುಡಿಯುವ ಸಿಸ್ಟಮ್ಮುಗಳಲ್ಲಿ ಇಂದಿಗೂ ವಿಂಡೋಸ್ 7 ಇರುವುದುಂಟು. ಅದಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿದೆ. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಡಿಟರ್ ಹೇಳಿದರೆಂದೋ ಬಿಲ್ಲಿಂಗ್ ಕಂಪನಿ ಒತ್ತಾಯಿಸಿತೆಂದೋ ವಿಂಡೋಸ್ 11ರ ಹೊಸ ಸಿಸ್ಟಮ್ ಕೌಂಟರಿಗೆ ಬರುತ್ತದೆ. ಮಿಷನ್ ಹಳೆಯದೇ. ಅದರ ಜೊತೆ ಬಂದಿದ್ದ ಅಂಗೈಯಗಲದ ಪುಟ್ಟ ಸಿಡಿಯನ್ನು ಹುಡುಕಿ ತೆಗೆದರೂ ಹೊಸ ಕಂಪ್ಯೂಟರಿನಲ್ಲಿ ಸಿಡಿ ಹಾಕುವ ಬಾಯಿಯೇ ಇರುವುದಿಲ್ಲ. ಹೇಗೋ ಕಾಪಿ ಮಾಡಿದರೂ ಅದರಲ್ಲಿರುವುದು 32-ಬಿಟ್ ಡ್ರೈವರ್ ಮಾತ್ರವಾದರೆ ಕೆಲಸಕ್ಕೆ ಬಾರದು, ಏಕೆಂದರೆ ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ.

ಇದರ ಮೇಲೆ ಇನ್ನೊಂದು ಬದಲಾವಣೆ ಬರುತ್ತಿದೆ. ಪ್ರಿಂಟರ್ ಕಂಪನಿಗಳ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವ ಪದ್ಧತಿಯನ್ನು ಹಂತ ಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಹೇಳಿತು. ಅದರ ವೇಳಾಪಟ್ಟಿಯಂತೆ 2026ರ ಜುಲೈ 1ರಿಂದ ವಿಂಡೋಸ್ ತನ್ನದೇ ಸಾಮಾನ್ಯ ಡ್ರೈವರಿಗೆ ಮೊದಲ ಮಣೆ ಹಾಕುತ್ತದೆ. 2027ರ ಜುಲೈ 1ರ ನಂತರ ಭದ್ರತಾ ದೋಷಗಳ ತಿದ್ದುಪಡಿ ಬಿಟ್ಟು ಬೇರೆ ಅಪ್‌ಡೇಟ್ ಆ ದಾರಿಯಲ್ಲಿ ಬರುವುದಿಲ್ಲ. ಗಾಬರಿ ಬೇಡ. ಈಗಾಗಲೇ ಓಡುತ್ತಿರುವ ಡ್ರೈವರ್ ಓಡುತ್ತದೆ, ತಯಾರಕರು ತಮ್ಮ ಜಾಲತಾಣದಲ್ಲಿ ಕೊಡುವ ಡ್ರೈವರನ್ನು ಹಾಕಿಕೊಳ್ಳಲು ಅಡ್ಡಿಯಿಲ್ಲ. ಆದರೆ ಮನೆ, ಆಫೀಸುಗಳ ಪ್ರಿಂಟರುಗಳಿಗೆಂದು ಮಾಡಿದ ಆ ಸಾಮಾನ್ಯ ಡ್ರೈವರ್ ಅಂಗಡಿಯ ಸಾಮಾನ್ಯ ಬಿಲ್ ಮಿಷನ್ನುಗಳ ಭಾಷೆ ಆಡುವುದಿಲ್ಲ. ಯುಎಸ್‌ಬಿ ಚುಚ್ಚಿದರೆ ವಿಂಡೋಸೇ ಎಲ್ಲ ಹುಡುಕಿಕೊಳ್ಳುತ್ತದೆ ಎಂಬ ಭರವಸೆ ಇನ್ನು ಮುಂದೆ ಇನ್ನಷ್ಟು ತೆಳುವಾಗುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್ ಎಂಬ ಒಂದು ಸ್ವಿಚ್ಚೂ ಬಂದಿದೆ. ಹೆಸರು ಚೆನ್ನಾಗಿದೆ ಎಂದು ಅದನ್ನು ಆನ್ ಮಾಡಿದರೆ ಹೊರಗಿನ ಡ್ರೈವರುಗಳೆಲ್ಲ ಬಾಗಿಲಾಚೆ. ಅದು ತಾನಾಗಿ ಆನ್ ಆಗಿರುವುದಿಲ್ಲ; ಹಾಗೇ ಬಿಡಿ.

ಅಪ್‌ಡೇಟ್ ಎಂದರೆ ಹೆದರುವವರನ್ನು ನೋಡಿ ನಗುವಂತಿಲ್ಲ. 2021ರ ಮಾರ್ಚ್ 9ರ ವಿಂಡೋಸ್ ಅಪ್‌ಡೇಟ್ ಹಾಕಿಕೊಂಡ ಎಷ್ಟೋ ಕಂಪ್ಯೂಟರುಗಳು ಕೆಲವು ಕಂಪನಿಗಳ ಪ್ರಿಂಟರಿಗೆ ಪ್ರಿಂಟ್ ಕೊಟ್ಟ ಕೂಡಲೇ ನೀಲಿ ಪರದೆ ತೋರಿಸಿ ಕುಸಿದವು. ಅದನ್ನು ಸರಿಪಡಿಸುವ ಗಡಿಬಿಡಿಯಲ್ಲೇ ಇನ್ನು ಕೆಲವು ಕಡೆ ಲೇಬಲ್ಲುಗಳು ಖಾಲಿ ಬಂದವು. ಅದೇ ವರ್ಷ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ದೋಷ ಬಯಲಾಯಿತು. ಆಗಸ್ಟ್ 10ರ ಅಪ್‌ಡೇಟ್ ನಂತರ ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಪ್ರಿಂಟರ್ ಡ್ರೈವರ್ ಹಾಕುವುದೇ ಆಗದಂತಾಯಿತು. ಒಂದು ಕೌಂಟರಿನ ಮಿಷನ್ನನ್ನು ಇನ್ನೊಂದು ಕೌಂಟರಿಗೆ ಹಂಚಿಕೊಂಡವರಿಗೆ ಇದು ಹೆಚ್ಚು ಕಾಡಿತು. 2025ರ ಜನವರಿ ಕೊನೆಯ ಅಪ್‌ಡೇಟ್ ಬಂದಾಗ ಕೆಲವು ಯುಎಸ್‌ಬಿ ಪ್ರಿಂಟರುಗಳು ಯಾರೂ ಕೇಳದ ಗೋಜಲು ಅಕ್ಷರಗಳನ್ನು ತಾವಾಗಿ ಅಚ್ಚು ಹಾಕತೊಡಗಿದವು. ಆ ದೋಷ ಮಾರ್ಚ್ ಕೊನೆಗೆ ಸರಿಹೋಯಿತು.

ಇಷ್ಟಾದರೂ ಅಪ್‌ಡೇಟನ್ನು ಪೂರ್ತಿ ಬಂದ್ ಮಾಡಿ ಕೂರುವುದು ಮೂರ್ಖತನ. ಬಿಲ್ ಹಾಕುವ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಲಾಗಿನ್ ಇದೆ, ಜಿಎಸ್‌ಟಿ ಪೋರ್ಟಲ್ ಇದೆ, ಮಗಳ ಕಾಲೇಜು ಫೀಸೂ ಅಲ್ಲಿಂದಲೇ ಹೋಗುತ್ತದೆ. ಎರಡು ಅಪ್‌ಡೇಟುಗಳನ್ನು ಬೇರೆ ಬೇರೆ ಇಟ್ಟು ನೋಡಿದರೆ ಗೊಂದಲ ಕಡಿಮೆ. ವಿಂಡೋಸ್ ಅಪ್‌ಡೇಟ್ ಆಗಲಿ, ಅದಕ್ಕೆ ಹೊತ್ತು ಮಾತ್ರ ನೀವು ಗೊತ್ತುಮಾಡಿ. ಡ್ರೈವರ್ ಸರಿಯಾಗಿ ಓಡುತ್ತಿದ್ದರೆ ಅದರ ತಂಟೆಗೆ ಹೋಗಬೇಡಿ. ವಿಂಡೋಸ್ ಆವೃತ್ತಿ ಬದಲಾದಾಗ, ಕಾಗದ ಕತ್ತರಿಸುವ ಕಟರ್ ಅಥವಾ ಗಲ್ಲಾಪೆಟ್ಟಿಗೆ ಕೆಲಸ ಮಾಡದಿದ್ದಾಗ, ತಯಾರಕರೇ ಭದ್ರತಾ ದೋಷವಿದೆ ಎಂದು ಹೇಳಿದಾಗ ಹೊಸತು ಹಾಕಿ. ನಿಮ್ಮ ಡ್ರೈವರ್ ಹಳೆಯದಾಗಿದೆ ಎಂದು ಪರದೆಯ ಮೇಲೆ ಕೂಗುವ ಡ್ರೈವರ್ ಅಪ್‌ಡೇಟರ್ ತಂತ್ರಾಂಶಗಳು ಬೇಡವೇ ಬೇಡ.

ಹೊತ್ತು ಗೊತ್ತುಮಾಡುವುದು ಕಷ್ಟವಲ್ಲ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಐದು ವಾರದವರೆಗೆ ತಡೆಹಿಡಿಯುವ ಅವಕಾಶವಿದೆ. ಆಕ್ಟಿವ್ ಅವರ್ಸ್ ಎಂಬಲ್ಲಿ 18 ಗಂಟೆಯವರೆಗಿನ ವೇಳೆ ಬರೆದಿಟ್ಟರೆ ಆ ಹೊತ್ತಿನಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ಮುಂಚಿನ ವಾರ ಸೀರೆ ಅಂಗಡಿಯಲ್ಲಿ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ದಿನಗಳಲ್ಲಿ ಆ ದಾರಿಯ ಹೋಟೆಲಿನಲ್ಲಿ ಇದನ್ನು ಮಾಡಿಡದೆ ಸಿಸ್ಟಮ್ ಆನ್ ಮಾಡುವುದು ಧೈರ್ಯದ ಕೆಲಸ. ಸರಕಾರಕ್ಕೂ ತನ್ನದೇ ಕ್ಯಾಲೆಂಡರ್ ಇದೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾಗಿ ಸೋಪು, ಟೂತ್‌ಪೇಸ್ಟು, ತಲೆಗೆಣ್ಣೆ 18ರಿಂದ ಶೇ 5ಕ್ಕೆ, ತುಪ್ಪ-ಬೆಣ್ಣೆ 12ರಿಂದ ಶೇ 5ಕ್ಕೆ ಇಳಿದಾಗ ಬಿಲ್ಲಿಂಗ್ ಸಾಫ್ಟ್‌ವೇರನ್ನು ಅದೇ ದಿನಕ್ಕೆ ಸಜ್ಜು ಮಾಡಬೇಕಿತ್ತು. ಹಾಗೆ ಸಾಫ್ಟ್‌ವೇರ್ ಬದಲಾಗುವ ದಿನವೇ ವಿಂಡೋಸನ್ನೂ ಡ್ರೈವರನ್ನೂ ಮುಟ್ಟಿದರೆ, ಪ್ರಿಂಟ್ ಬಾರದಾಗ ತಪ್ಪು ಯಾವುದರದು ಎಂದು ಪತ್ತೆ ಹಚ್ಚುವುದು ಪರಿಣತರಿಗೂ ತಲೆನೋವು.

ಮಿಷನ್ ನಿಂತಾಗ ಮೊದಲು ಮಾಡಬೇಕಾದ ಪರೀಕ್ಷೆಗೆ ಕಂಪ್ಯೂಟರೇ ಬೇಡ. ಮಿಷನ್ ಆಫ್ ಮಾಡಿ, ಫೀಡ್ ಗುಂಡಿ ಒತ್ತಿ ಹಿಡಿದುಕೊಂಡೇ ಆನ್ ಮಾಡಿ. ಬಹುತೇಕ ಎಲ್ಲ ಬಿಲ್ ಮಿಷನ್ನುಗಳೂ ಆಗ ತಮ್ಮ ಜಾತಕವನ್ನು ತಾವೇ ಅಚ್ಚು ಹಾಕುತ್ತವೆ: ಒಳಗಿನ ತಂತ್ರಾಂಶದ ಆವೃತ್ತಿ, ಜೋಡಣೆಯ ಬಗೆ, ಅಕ್ಷರಗಳ ಪಟ್ಟಿ. ಅದು ಸರಿಯಾಗಿ ಬಂತೆಂದರೆ ಹೆಡ್ಡು, ರೋಲು, ಮೋಟಾರು ಎಲ್ಲ ಗಟ್ಟಿ. ರೋಗ ಕೇಬಲ್ಲಿನಲ್ಲೋ ಡ್ರೈವರಿನಲ್ಲೋ ಇದೆ, ಸರ್ವೀಸ್ ಸೆಂಟರಿಗೆ ಹೊತ್ತುಕೊಂಡು ಹೋಗುವ ಬಸ್‌ಚಾರ್ಜ್ ಉಳಿಯಿತು. ಕಾಗದ ಹೊರಬಂದೂ ಖಾಲಿ ಇದ್ದರೆ ರೋಲ್ ತಿರುವಿ ಹಾಕಿ ನೋಡಿ. ಥರ್ಮಲ್ ಕಾಗದದ ಒಂದೇ ಮುಖಕ್ಕೆ ಲೇಪವಿರುತ್ತದೆ.

ಮುಂದಿನ ಗುಮಾನಿ ಪೋರ್ಟಿನ ಮೇಲೆ. ಕಸ ಗುಡಿಸುವಾಗ ಕಳಚಿದ ಯುಎಸ್‌ಬಿ ವೈರನ್ನು ಹುಡುಗ ಪಕ್ಕದ ತೂತಿಗೆ ಚುಚ್ಚಿರುತ್ತಾನೆ. ವಿಂಡೋಸ್ ಎಷ್ಟೋ ಸಲ ಅದನ್ನು ಹೊಸ ಮಿಷನ್ ಎಂದೇ ತಿಳಿದು ಕಾಪಿ 1 ಎಂಬ ಬಾಲ ಸೇರಿಸಿ ಇನ್ನೊಂದು ಹೆಸರು ಹುಟ್ಟಿಸುತ್ತದೆ. ಬಿಲ್ಲುಗಳು ಹಳೇ ಹೆಸರಿಗೇ ಹೋಗಿ ಸಾಲುಗಟ್ಟಿ ಕಾಯುತ್ತಿರುತ್ತವೆ. ವೈರನ್ನು ಹಳೇ ಜಾಗಕ್ಕೇ ಹಾಕಿದರೆ ಒಮ್ಮೆಲೇ ಹೊರಬಂದು ಅರ್ಧ ರೋಲ್ ಖಾಲಿ ಮಾಡುವುದೂ ಉಂಟು, ಆದ್ದರಿಂದ ಮೊದಲು ಸಾಲನ್ನು ಅಳಿಸಿ. ಆ ತೂತಿನ ಮೇಲೆ ಬಣ್ಣದ ಟೇಪಿನ ಚೂರು ಅಂಟಿಸಿಬಿಡುವುದು ಅಗ್ಗದ ಪರಿಹಾರ. ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನಿರ್ವಹಿಸಲಿ ಎಂಬ ಸೆಟ್ಟಿಂಗ್ ಆನ್ ಇದ್ದರೆ ಇನ್ನೊಂದು ತಮಾಷೆ ನಡೆಯುತ್ತದೆ. ಆಧಾರ್ ಜೆರಾಕ್ಸಿಗೆ ಒಮ್ಮೆ ದೊಡ್ಡ ಪ್ರಿಂಟರ್ ಬಳಸಿದ ಮೇಲೆ, ಕಾಲು ಕೆಜಿ ಉದ್ದಿನಬೇಳೆಯ ಬಿಲ್ ಎ4 ಹಾಳೆಯಲ್ಲಿ ಬರುತ್ತದೆ. ಆ ಸೆಟ್ಟಿಂಗ್ ಆಫ್ ಮಾಡಿ ಬಿಲ್ ಮಿಷನ್ನನ್ನು ಕೈಯಾರೆ ಡೀಫಾಲ್ಟ್ ಮಾಡಿ.

ಕಾಗದದ ಅಳತೆಯೂ ಡ್ರೈವರಿನ ಒಳಗೇ ಇರುತ್ತದೆ. ಎರಡಿಂಚು ಎನ್ನುವ ರೋಲ್ 58 ಮಿ.ಮೀ, ಮೂರಿಂಚಿನದು 80 ಮಿ.ಮೀ. ಹೊಸ ಡ್ರೈವರ್ ಹಾಕಿದ ಮೇಲೆ ಬಿಲ್ಲಿನ ಕೆಳಗೆ ಗೇಣುದ್ದ ಖಾಲಿ ಕಾಗದ ಬರುತ್ತಿದ್ದರೆ ಅಲ್ಲಿ ನಿಗದಿತ ಉದ್ದದ ಹಾಳೆ ಆಯ್ಕೆಯಾಗಿದೆ ಎಂದರ್ಥ. ಅದನ್ನು ರೋಲ್‌ಗೆ ಬದಲಿಸಬೇಕು. ಬಿಲ್ ಮುಗಿದೊಡನೆ ಕಾಗದ ಕತ್ತರಿಸುವುದು, ಗಲ್ಲಾಪೆಟ್ಟಿಗೆ ಠಕ್ಕೆಂದು ತೆರೆಯುವುದು ಕೂಡ ಅಲ್ಲಿನ ಆಯ್ಕೆಗಳೇ. ಪೆಟ್ಟಿಗೆಯ ವೈರ್ ಮಿಷನ್ನಿನ ಹಿಂಭಾಗಕ್ಕೆ ಬರುತ್ತದೆ, ಕಂಪ್ಯೂಟರಿಗಲ್ಲ. ತೆರೆಯುವ ಆಜ್ಞೆಯನ್ನು ಸಾಫ್ಟ್‌ವೇರ್ ಕೊಡದಿದ್ದರೆ ಡ್ರೈವರೇ ಕೊಡಬೇಕು. ಅರ್ಜೆಂಟಿನಲ್ಲಿ ಜೆನೆರಿಕ್ ಟೆಕ್ಸ್ಟ್ ಓನ್ಲಿ ಎಂಬ ವಿಂಡೋಸಿನ ಬಡ ಡ್ರೈವರ್ ಹಾಕಿ ಹೋದ ಅಂಗಡಿಗಳಲ್ಲಿ ಬಿಲ್ ಬರುತ್ತದೆ, ಪೆಟ್ಟಿಗೆ ಬೀಗದ ಕೈಯಿಂದ ತೆರೆಯುತ್ತದೆ, ಕಾಗದ ಕೈಯಿಂದ ಹರಿಯುತ್ತದೆ. ವರ್ಷಗಟ್ಟಲೆ ಹಾಗೇ ನಡೆಯುತ್ತದೆ.

ಅದೇ ಬಡ ಡ್ರೈವರ್ ಬಿಲ್ಲಿನ ಕನ್ನಡಕ್ಕೂ ಅಡ್ಡ ನಿಂತಿದೆ.

ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು ಎಂದು 2024ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಅಂಗಡಿಗಳ ಹೊರಗಿನ ಬೋರ್ಡು ಬದಲಾಯಿತು. ಒಳಗೆ ತೊಗರಿಬೇಳೆಯೂ ಕೊತ್ತಂಬರಿ ಬೀಜವೂ ಬಿಲ್ಲಿನ ಮೇಲೆ ಇಂಗ್ಲಿಷಿನಲ್ಲೇ, ಅದೂ ಅರ್ಧಕ್ಕೆ ಕತ್ತರಿಸಿದ ಕಾಗುಣಿತದಲ್ಲಿ ಬರುತ್ತಿವೆ. ಬಿಲ್ಲಿಗೆ ಕಾನೂನಿನ ಬಲವಂತ ಬೇಕೆಂದು ಈ ಪತ್ರ ಕೇಳುತ್ತಿಲ್ಲ. ಮಿಷನ್ನಿಗೆ ಕನ್ನಡ ಬರಲ್ಲ ಎಂಬ ಉತ್ತರವನ್ನು ಮಾತ್ರ ಒಪ್ಪಲಾಗದು. ಬೆಸ್ಕಾಂ ಮೀಟರ್ ರೀಡರ್ ಹೆಗಲಿಗೆ ನೇತುಹಾಕಿಕೊಂಡು ಬರುವ ಪುಟ್ಟ ಮಿಷನ್ನಿಗೆ ಕನ್ನಡ ಬರುತ್ತದೆ. ಕೆಎಸ್‌ಆರ್‌ಟಿಸಿ ಕಂಡಕ್ಟರ್ ಹರಿದುಕೊಡುವ ಟಿಕೆಟ್ಟಿಗೆ ಕನ್ನಡ ಬರುತ್ತದೆ. ಅವುಗಳಲ್ಲೂ ಅಂಗಡಿಯ ಮಿಷನ್ನಿನಂತೆ ಕಾಗದದ ಮೇಲೆ ಮೂಡುವುದು ಸಣ್ಣ ಸಣ್ಣ ಚುಕ್ಕೆಗಳೇ.

ವ್ಯತ್ಯಾಸ ಕೆಲಸದ ಕ್ರಮದಲ್ಲಿದೆ. ಬಿಲ್ ಮಿಷನ್ನಿಗೆ ಅಕ್ಷರ ಕಳಿಸಲು ಎರಡು ದಾರಿ. ಮೊದಲನೆಯದರಲ್ಲಿ ಕಂಪ್ಯೂಟರ್ ಅಕ್ಷರದ ಸಂಕೇತವನ್ನಷ್ಟೇ ಕಳಿಸುತ್ತದೆ, ಮಿಷನ್ ತನ್ನ ಹೊಟ್ಟೆಯೊಳಗಿನ ಅಕ್ಷರಮಾಲೆಯಿಂದ ಆ ಅಕ್ಷರವನ್ನು ತೆಗೆದು ಹಾಕುತ್ತದೆ. ಜಪಾನಿನ ಎಪ್ಸನ್ ಕಂಪನಿ ರೂಪಿಸಿದ, ಈಗ ಹೆಚ್ಚುಕಡಿಮೆ ಎಲ್ಲರೂ ಅನುಸರಿಸುವ ಇಎಸ್‌ಸಿ/ಪಿಓಎಸ್ ಆಜ್ಞಾಪಟ್ಟಿಯಲ್ಲಿ ಲಿಪಿಗಳಿಗೆ ಪುಟಸಂಖ್ಯೆಗಳಿವೆ. ತಮಿಳಿಗೆ 68, ತೆಲುಗಿಗೆ 69, ಕನ್ನಡಕ್ಕೆ 72. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಎಲ್ಲ ಮಿಷನ್ನುಗಳಲ್ಲೂ ಅಕ್ಷರಗಳಿರುವುದಿಲ್ಲ. ಅವನ್ನು ತುಂಬಿಸಿಕೊಂಡು ಬರುವ ಮಾಡೆಲ್‌ಗಳು ಕೆಲವೇ. ಇಲ್ಲದ ಮಿಷನ್ನಿಗೆ ಈ ದಾರಿಯಲ್ಲಿ, ಅಂದರೆ ಆ ಬಡ ಡ್ರೈವರ್ ಹಿಡಿಯುವ ದಾರಿಯಲ್ಲಿ, ಕನ್ನಡ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ ಹೊರಡುತ್ತದೆ.

ಎರಡನೆಯ ದಾರಿಯಲ್ಲಿ ಅಕ್ಷರವನ್ನು ಬಿಡಿಸುವುದು ಕಂಪ್ಯೂಟರು. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಎಂಬ ಫಾಂಟ್ ಜೊತೆಗೇ ಬರುತ್ತದೆ. ಅದಕ್ಕೂ ಮುಂಚೆ ತುಂಗಾ ಇತ್ತು. ಒತ್ತಕ್ಷರ, ದೀರ್ಘ, ಕೊಂಬು ಎಲ್ಲವನ್ನೂ ಸರಿಯಾಗಿ ಕೂಡಿಸಿ ಇಡೀ ಬಿಲ್ಲನ್ನು ಚಿತ್ರವನ್ನಾಗಿ ಮಾಡಿ ಡ್ರೈವರ್ ಮಿಷನ್ನಿಗೆ ಕೊಡುತ್ತದೆ. ಮಿಷನ್ನಿಗೆ ಅದು ಕನ್ನಡವೋ ತೆಲುಗೋ ಗಣಪತಿಯ ಚಿತ್ರವೋ ಗೊತ್ತೂ ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಚುಕ್ಕೆ ಸುಡುವುದಷ್ಟೇ ಅದರ ಕೆಲಸ. ತಯಾರಕರ ಅಸಲಿ ಡ್ರೈವರ್, ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯುನಿಕೋಡ್ ಅರಿತ ಬಿಲ್ಲಿಂಗ್ ಸಾಫ್ಟ್‌ವೇರ್ ಎರಡೂ ಇದ್ದರೆ ಚಿತ್ರ ಅಚ್ಚು ಹಾಕಬಲ್ಲ ಯಾವ ಥರ್ಮಲ್ ಮಿಷನ್ನಿನಿಂದಲೂ ಕನ್ನಡ ಹೊರಬರುತ್ತದೆ. ಬೆಂಗಳೂರಿನ ಟ್ಯಾಲಿ ಕಂಪನಿ 2006ರಲ್ಲಿ ಟ್ಯಾಲಿ 9 ಎಂಬ ಲೆಕ್ಕದ ಸಾಫ್ಟ್‌ವೇರ್ ತಂದಾಗಲೇ ಅದರಲ್ಲಿ ಕನ್ನಡವನ್ನು ಸೇರಿಸಿತ್ತು. ಅಂದಿನಿಂದ ಎಷ್ಟು ಅಂಗಡಿಗಳು ಆ ಕನ್ನಡದ ಆಯ್ಕೆ ಒತ್ತಿ ನೋಡಿವೆ?

ನಿಧಾನವಾಗುತ್ತದೆ ಎಂಬ ದೂರು ಸುಳ್ಳಲ್ಲ, ಆದರೆ ಅದರ ಕಾರಣ ಬೇರೆ ಕಡೆ ಇದೆ. 80 ಮಿ.ಮೀ ಮಿಷನ್ ಒಂದು ಗೆರೆಗೆ 576 ಚುಕ್ಕೆ ಹಾಕುತ್ತದೆ, ಅಂದರೆ 72 ಬೈಟ್. ಮಿಲಿಮೀಟರಿಗೆ 8 ಗೆರೆಯಂತೆ 15 ಸೆಂ.ಮೀ ಉದ್ದದ ಬಿಲ್ಲಿಗೆ 1,200 ಗೆರೆ, ಒಟ್ಟು 86,400 ಬೈಟ್. ಹಳೇ ಸೀರಿಯಲ್ ಕೇಬಲ್ 9600ರ ವೇಗದಲ್ಲಿ ಸೆಕೆಂಡಿಗೆ ಸುಮಾರು 960 ಬೈಟ್ ಸಾಗಿಸುತ್ತದೆ. ಹಾಗಾದರೆ ಆ ಒಂದು ಬಿಲ್ಲಿಗೆ ಒಂದೂವರೆ ನಿಮಿಷ! ಅದೇ ಬಿಲ್ ಬರೀ ಇಂಗ್ಲಿಷ್ ಸಂಕೇತಗಳಾಗಿ ಹೋದರೆ ಮೂವತ್ತು ಸಾಲಿಗೆ ಒಂದೂವರೆ ಸೆಕೆಂಡ್ ಸಾಕು. ಕನ್ನಡ ಬೇಡ, ಲೇಟಾಗುತ್ತೆ ಎಂಬ ಮಾತಿನ ಮೂಲದಲ್ಲಿ ಇಂಥ ಕೇಬಲ್ಲೂ ಇರುತ್ತದೆ. ಯುಎಸ್‌ಬಿ ಅಥವಾ ನೆಟ್‌ವರ್ಕ್ ವೈರಿನಲ್ಲಿ ಅಷ್ಟು ಬೈಟುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತವೆ, ಆಮೇಲೆ ಉಳಿಯುವುದು ಕಾಗದ ಓಡುವ ವೇಗ ಮಾತ್ರ.

ಅಕ್ಷರದ ಗಾತ್ರದಲ್ಲಿ ಜಿಪುಣತನ ಬೇಡ. ಇಂಗ್ಲಿಷ್ ಬಿಲ್ಲಿನ ಒಂದು ಅಕ್ಷರಕ್ಕೆ 24 ಚುಕ್ಕೆ ಎತ್ತರ ಸಾಕಾಗುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 9 ಪಾಯಿಂಟ್ ಇಟ್ಟರೆ ಎಲ್ಲ ಸೇರಿ 25 ಚುಕ್ಕೆಯೊಳಗೆ ಮುದುರಿಕೊಂಡು ಅಕ್ಕಿಯ ಒತ್ತು ಮಸಿಯ ಕಲೆಯಂತೆ ಕಾಣುತ್ತದೆ. 11 ಅಥವಾ 12 ಪಾಯಿಂಟ್ ಇಡಿ, ದಪ್ಪ ಮಾಡಿ. ತುಂಗಾದಂಥ ತೆಳು ಗೆರೆಯ ಫಾಂಟ್ ಥರ್ಮಲ್ ಕಾಗದಕ್ಕೆ ಒಗ್ಗುವುದಿಲ್ಲ. ನಿರ್ಮಲಾ ಅಥವಾ ಪುಕ್ಕಟೆ ಸಿಗುವ ನೋಟೊ ಸಾನ್ಸ್ ಕನ್ನಡ ವಾಸಿ.

ಒಂದು ಎಚ್ಚರ ಹಳಬರಿಗೆ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದು ಕನ್ನಡ ಟೈಪಿಂಗನ್ನು ಮನೆಮನೆಗೆ ತಲುಪಿಸಿದವು, ಆ ಋಣ ದೊಡ್ಡದು. ಆದರೆ ಅವುಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ್ದರ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಬಿಲ್ಲಿನ ತಲೆಬರಹವನ್ನು ಹಾಗೆ ಕೂಡಿಸಿಟ್ಟ ಅಂಗಡಿಯಲ್ಲಿ ಕಂಪ್ಯೂಟರ್ ಬದಲಾದ ದಿನ ಫಾಂಟ್ ಮಾಯವಾಗಿ, ಶ್ರೀ ಇದ್ದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕೂರುತ್ತವೆ. ಆಗ ಡ್ರೈವರನ್ನು ಬೈದು ಫಲವಿಲ್ಲ, ಯುನಿಕೋಡಿನಲ್ಲಿ ಮತ್ತೆ ಟೈಪ್ ಮಾಡಬೇಕು. ಈಗಿನ ನುಡಿ, ಬರಹ ಎರಡರಲ್ಲೂ ಯುನಿಕೋಡ್ ಇದೆ.

ಸಾವಿರ ವಸ್ತುಗಳ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡುವವರು ಯಾರು? ಈ ಪ್ರಶ್ನೆ ನ್ಯಾಯವಾದದ್ದು. ಒಂದೇ ದಿನ ಎಲ್ಲವೂ ಆಗಬೇಕಿಲ್ಲ. ದಿನಸಿ ಅಂಗಡಿಯಲ್ಲಿ ದಿನವೂ ತೂಗುವ ಅಕ್ಕಿ, ರಾಗಿ, ಬೇಳೆ, ಬೆಲ್ಲ, ಎಣ್ಣೆಯಿಂದ ಶುರುವಾಗಲಿ, ಕಂಪನಿಯ ಬಿಸ್ಕತ್ತು-ಶಾಂಪೂ ಹೆಸರುಗಳು ಹಾಗೇ ಇರಲಿ. ಹುಡುಕುವ ಕೋಡ್ ಇಂಗ್ಲಿಷಿನಲ್ಲೇ ಇದ್ದು ಅಚ್ಚಾಗುವ ಹೆಸರು ಮಾತ್ರ ಕನ್ನಡದಲ್ಲಿ ಇರುವಂತೆ ಎಷ್ಟೋ ಸಾಫ್ಟ್‌ವೇರುಗಳಲ್ಲಿ ಮಾಡಬಹುದು, ಕೌಂಟರಿನಲ್ಲಿ ಕೂತವರ ಬೆರಳಿನ ರೂಢಿ ಕೆಡುವುದಿಲ್ಲ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೆ ದೂರದ ರಾಜ್ಯಗಳಿಂದ ಬಂದವರೂ, ಹಿಂದೂಪುರದ ಕಡೆಯಿಂದ ರೈಲಿನಲ್ಲಿ ಬಂದು ಸೀರೆ ಒಯ್ಯುವವರೂ ಈ ಊರಿನ ಗಿರಾಕಿಗಳೇ. ಮೂರಿಂಚಿನ ರೋಲಿನಲ್ಲಿ ಎರಡು ಭಾಷೆಗೂ ಜಾಗವಿದೆ. ಅಪ್ಯಾರಲ್ ಪಾರ್ಕಿನ ಕೆಲಸ ಮುಗಿಸಿ ಸಂಜೆ ಸಾಮಾನು ಕೊಳ್ಳುತ್ತಾ ಮನೆಗೆ ಹೋಗುವ ಹೆಣ್ಣುಮಗಳು ಬಿಲ್ಲನ್ನು ತಾನೇ ಓದಿ ಲೆಕ್ಕ ತಾಳೆ ನೋಡುವುದು ಅಂಗಡಿಯವರಿಗೂ ಒಳ್ಳೆಯದು. ನಾಳೆ ಬಂದು ಜಗಳ ತೆಗೆಯುವುದು ತಪ್ಪುತ್ತದೆ.

ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಎರಡಿಂಚಿನ ಪುಟ್ಟ ಮಿಷನ್ನುಗಳಿಗೆ ಈ ಡ್ರೈವರ್ ರಗಳೆ ಕಡಿಮೆ. ಜೋಡಿಸುವಾಗ ಕೇಳುವ ಸಂಖ್ಯೆ ಸಾಮಾನ್ಯವಾಗಿ 0000 ಅಥವಾ 1234. ಅಲ್ಲಿ ಡ್ರೈವರಿನ ಕೆಲಸವನ್ನು ಆ್ಯಪ್ ಮಾಡುತ್ತದೆ. ಬಿಲ್ಲನ್ನು ಚಿತ್ರವಾಗಿ ಕಳಿಸುವ ಆಯ್ಕೆ ಇದ್ದರೆ ಕನ್ನಡವೂ ಬರುತ್ತದೆ. ಕಾರ್ಬನ್ ಕಾಪಿ ಬೇಕಾದ ನೂಲಿನ ಅಂಗಡಿಗಳಿಗೆ ಹಳೇ ಡಾಟ್ ಮ್ಯಾಟ್ರಿಕ್ಸೇ ಸರಿ. ಅದರ ಇಂಕು ಮಾಸುವುದೂ ಇಲ್ಲ. ಥರ್ಮಲ್ ಬಿಲ್ ಹಾಗಲ್ಲ, ಬಿಸಿಲಿಗೆ, ಎಣ್ಣೆಗೆ, ಪ್ಲಾಸ್ಟಿಕ್ ಕವರಿಗೆ ಬೆಳ್ಳಗಾಗುತ್ತದೆ. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಡಬೇಕು. ಆದ್ದರಿಂದ ನೀವು ಕೊಂಡ ಸರಕಿನ ಥರ್ಮಲ್ ಬಿಲ್ಲುಗಳನ್ನು ಬಂದ ದಿನವೇ ಫೋಟೊ ತೆಗೆದಿಡಿ.

ಡ್ರೈವರ್ ಹುಡುಕಲು ಹೊರಟಾಗ ಮಿಷನ್ನಿನ ಅಡಿಯಲ್ಲಿರುವ ಸ್ಟಿಕ್ಕರಿನ ಮಾಡೆಲ್ ಸಂಖ್ಯೆ ನೋಡಿ ತಯಾರಕರ ಸ್ವಂತ ಜಾಲತಾಣಕ್ಕೇ ಹೋಗಿ. ಎಪ್ಸನ್, ತುಮಕೂರಿನಲ್ಲಿ ಕಾರ್ಖಾನೆ ಇರುವ ಟಿವಿಎಸ್ ಎಲೆಕ್ಟ್ರಾನಿಕ್ಸ್, ಬೆಂಗಳೂರಿನ ವೆಪ್ ಇವೆಲ್ಲ ಹಣ ಕೇಳದೆ ಡ್ರೈವರ್ ಕೊಡುತ್ತವೆ. ಹೆಸರಿಲ್ಲದ ಅಗ್ಗದ ಮಿಷನ್ನುಗಳದ್ದೇ ಕಷ್ಟ. ಒಂದೇ ಬಗೆಯ ಮಿಷನ್ ಹತ್ತು ಹೆಸರಿನಲ್ಲಿ ಮಾರಾಟವಾಗುತ್ತದೆ, ಡ್ರೈವರಿನ ಮೇಲೆ ಪಿಓಎಸ್-58 ಅಥವಾ ಪಿಓಎಸ್-80 ಎಂದಷ್ಟೇ ಇರುತ್ತದೆ. ಅಂಥದ್ದನ್ನು ಕೊಂಡವರು ಜೊತೆಗೆ ಬಂದ ಫೈಲನ್ನು ತಮ್ಮದೇ ಇಮೇಲಿಗೆ ಕಳಿಸಿಕೊಂಡು ಬಿಟ್ಟರೆ ಅರ್ಧ ಚಿಂತೆ ಮುಗಿಯಿತು. ಗೂಗಲ್ಲಿನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿ, ಅತ್ತಲಿನವರು ಹೇಳಿದಂತೆ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿ, ಬ್ಯಾಂಕಿನ ಖಾತೆ ಖಾಲಿ ಮಾಡಿಕೊಳ್ಳುವುದು ಈಗಿನ ದೊಡ್ಡ ಅಪಾಯ. ಹಾಗೇನಾದರೂ ಆದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಸಿಸ್ಟಮ್ ಹುಡುಗರ ಮೇಲೆ ಈ ಪತ್ರಕ್ಕೆ ಕೋಪವಿಲ್ಲ. ಒಬ್ಬೊಬ್ಬರು ಹತ್ತಾರು ಅಂಗಡಿ ನೋಡುತ್ತಾರೆ, ರಾತ್ರಿ ಒಂಬತ್ತಕ್ಕೂ ಬೈಕ್ ಏರಿ ಬರುತ್ತಾರೆ. ಅವರಿಂದ ಕೇಳಿ ಪಡೆಯಬೇಕಾದ್ದನ್ನು ಅಂಗಡಿಯವರು ಕೇಳುತ್ತಿಲ್ಲ ಅಷ್ಟೆ. ಮುಂದಿನ ಮಿಷನ್ ಕೊಳ್ಳುವ ದಿನ ಬಾಕಿ ಹಣ ಎಣಿಸುವ ಮುಂಚೆ ಡ್ರೈವರಿನ ಫೈಲ್ ಅಂಗಡಿಯ ಪೆನ್‌ಡ್ರೈವಿಗೆ ಬರಲಿ. ಮಾಡೆಲ್ ಸಂಖ್ಯೆ, ಅಡ್ಮಿನ್ ಪಾಸ್‌ವರ್ಡ್, ಪೋರ್ಟಿನ ಹೆಸರು, ಕಾಗದದ ಅಳತೆ ಇವನ್ನು ಅವರ ಕೈಯಲ್ಲೇ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆಸಿ, ಸೆಟ್ಟಿಂಗ್ ಪುಟಗಳ ಫೋಟೊ ನಿಮ್ಮ ಫೋನಿನಲ್ಲಿ ಇರಲಿ. ಒಂದೇ ಮಾಡೆಲ್ ಮಿಷನ್ ಇಟ್ಟುಕೊಂಡಿರುವ ಅಕ್ಕಪಕ್ಕದ ಅಂಗಡಿಗಳು ಫೈಲನ್ನು ಹಂಚಿಕೊಂಡರೆ ಇನ್ನೂ ಒಳ್ಳೆಯದು. ವರ್ತಕರ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಶುಭೋದಯಗಳ ನಡುವೆ ಅದಕ್ಕೂ ಜಾಗ ಸಿಗಬಹುದು.

ಕೊನೆಗೆ ಮಿಷನ್ ಮಾರುವವರ ಎದುರೇ ಒಂದು ಪರೀಕ್ಷೆ ಮಾಡಿಸಿ. ನಿಮ್ಮದೇ ಸಾಫ್ಟ್‌ವೇರಿನಿಂದ "ಹೆಸರುಕಾಳು, ಕೊತ್ತಂಬರಿ ಸೊಪ್ಪು, ಕಲ್ಲುಸಕ್ಕರೆ, ಶಾಸ್ತ್ರೀಯ ಜರಿ ಸೀರೆ, ಒಟ್ಟು ಮೊತ್ತ" ಎಂಬ ಸಾಲನ್ನು ಅಚ್ಚು ಹಾಕಿಸಿ ನೋಡಿ. ಶಾಸ್ತ್ರೀಯ ಎಂಬುದರ ಒತ್ತುಗಳು ಬಿಡಿಯಾಗಿ ಬಿದ್ದರೆ, ಚೌಕಗಳು ಬಂದರೆ, ಅಥವಾ ಇಂಗ್ಲಿಷಿನಲ್ಲಿ ಹಾಕಿಕೊಡ್ತೀನಿ ಬಿಡಿ ಸಾರ್ ಎಂಬ ಮಾತು ಬಂದರೆ, ಡ್ರೈವರ್ ಬದಲಿಸಿ ಮತ್ತೆ ತೋರಿಸಲು ಹೇಳಿ.

ಇಂತಿ,
ನಿಮ್ಮ ಅಂಗಡಿಗಳ ಗಿರಾಕಿಗಳಲ್ಲಿ ಒಬ್ಬರು